ಅವ್ವನ ಎಂಜಲು

ನಮ್ಮ ದೇವಾಲಯದಲ್ಲಿ ಈಗ ಕರ್ತನ ಭೋಜನದ ದ್ರಾಕ್ಷಾರಸವನ್ನು ಪ್ಲಾಸ್ಟಿಕ್ಕಿನ ಪುಟ್ಟ ಲೋಟಗಳಲ್ಲಿ ಕೊಡುತ್ತಾರೆ. ಕೆಮ್ಮಿನ ಸಿರಪ್ಪಿನ ಬಾಟಲಿಯ ಮೇಲೆ ಅಳತೆಯ ಮುಚ್ಚಳ ಕೂರಿಸಿರುತ್ತಾರಲ್ಲ, ಅಷ್ಟೇ ಗಾತ್ರದವು. ಸ್ಟೀಲಿನ ತಟ್ಟೆಯಲ್ಲಿ ಸಾಲಾಗಿ ಜೋಡಿಸಿ ತರುತ್ತಾರೆ. ಒಬ್ಬೊಬ್ಬರು ಒಂದೊಂದನ್ನು ಎತ್ತಿ ಗುಟುಕರಿಸಿ, ಖಾಲಿ ಲೋಟವನ್ನು ಬುಟ್ಟಿಗೆ ಹಾಕಿ ಎದ್ದು ಬರುತ್ತಾರೆ. ನೋಡಿದಾಗಲೆಲ್ಲ ನನಗೆ ಮೈಯೆಲ್ಲ ಉರಿಯುತ್ತದೆ. ಬರೀ ಆ ಲೋಟಗಳ ಮೇಲೆ ಸಿಟ್ಟಾಗಿದ್ದರೆ ಹೇಗೋ ತಡೆದುಕೊಳ್ಳಬಹುದಿತ್ತು. ಅವು ಅಲ್ಲಿಗೆ ಬರಲು ಕಾರಣಳಾದವಳು ನಾನೇ.

ಊರಿನ ಹೆಸರು ಹೇಳುವುದಿಲ್ಲ. ಹುಣಸೂರಿನಿಂದ ಪಿರಿಯಾಪಟ್ಟಣಕ್ಕೆ ಹೋಗುವ ರಸ್ತೆಯಲ್ಲಿ ಬಸ್ಸಿಳಿದು, ಹೊಗೆಸೊಪ್ಪಿನ ಹೊಲಗಳ ನಡುವೆ ಎರಡು ಮೈಲಿ ಒಳಗೆ ನಡೆದರೆ ಸಿಗುವ ಊರು, ಅಷ್ಟು ಸಾಕು. ಹೆಸರು ಹೇಳಿದರೆ ನಾಳೆಯೇ ಯಾರಾದರೂ ಮನೆ ಬಾಗಿಲಿಗೆ ಬಂದು ನಮ್ಮ ಮಾನ ತೆಗೆದೆ ಎನ್ನುತ್ತಾರೆ. ಹೇಳದಿದ್ದರೂ ಎನ್ನುತ್ತಾರೆ, ಅದು ಬೇರೆ ಮಾತು.

ನಮ್ಮದು ಬಿಷಪ್ಪರ ಆಡಳಿತಕ್ಕೆ ಸೇರಿದ ಸಭೆ. ಬಿಳಿಯರ ಕಾಲದಲ್ಲಿ ಕಟ್ಟಿದ ಹೆಂಚಿನ ದೇವಾಲಯ, ಪಕ್ಕದಲ್ಲಿ ಸಭಾಪಾಲಕರ ಮನೆ, ಹಿಂದೆ ಸಮಾಧಿ ಜಾಗ. ಸಭಾಪಾಲಕರನ್ನು ನಾವು ಅಯ್ಯನವರು ಎನ್ನುತ್ತೇವೆ. ಅವರನ್ನು ಬಿಷಪ್ಪರು ಮೂರೋ ಐದೋ ವರ್ಷಕ್ಕೊಮ್ಮೆ ಕೃಷ್ಣರಾಜನಗರಕ್ಕೋ ಕೋಟೆ ತಾಲ್ಲೂಕಿನ ಕಡೆಗೋ ವರ್ಗ ಮಾಡುತ್ತಾರೆ, ಬೇರೊಬ್ಬರು ಬರುತ್ತಾರೆ. ಪ್ರತಿ ಭಾನುವಾರ ಆರಾಧನೆ, ತಿಂಗಳ ಮೊದಲ ಭಾನುವಾರ, ಕರ್ತನು ಶಿಷ್ಯರ ಜೊತೆ ಉಂಡ ಕೊನೆಯ ಊಟದ ನೆನಪಿಗೆ, ಕರ್ತನ ಭೋಜನ. ಆ ದಿನ ಜನರು ಸಾಲಾಗಿ ಹೋಗಿ ವೇದಿಯ ಮುಂದಿನ ಮರದ ಕಂಬಿಯ ಬಳಿ ಮೊಣಕಾಲೂರುತ್ತಾರೆ. ಅಯ್ಯನವರು ಮೊದಲು ರೊಟ್ಟಿಯ ಚೂರು ಕೊಡುತ್ತಾರೆ, ಆಮೇಲೆ ದ್ರಾಕ್ಷಾರಸ. ಹಿಂದೆ ಅದಕ್ಕೆ ಇದ್ದದ್ದು ಒಂದೇ ಬಟ್ಟಲು. ಬೆಳ್ಳಿಯ ನೀರು ಕುಡಿಸಿದ ಹಿತ್ತಾಳೆಯದು, ಒಂದು ಪಕ್ಕ ಚೂರು ನಜ್ಜಾಗಿದೆ. ಒಬ್ಬರು ಕುಡಿದ ಮೇಲೆ ಅಯ್ಯನವರು ಬಿಳಿ ಬಟ್ಟೆಯಿಂದ ಅಂಚನ್ನು ಒರೆಸಿ, ಬಟ್ಟಲನ್ನು ಕೊಂಚ ತಿರುಗಿಸಿ ಮುಂದಿನವರ ತುಟಿಗೆ ಹಿಡಿಯುತ್ತಿದ್ದರು.

ಎಲ್ಲರೂ ಒಂದೇ ಬಟ್ಟಲಿಗೆ ಬಾಯಿಟ್ಟು ಕುಡಿಯುತ್ತಿದ್ದೆವು ಎಂದರೆ ಎಷ್ಟು ಚೆನ್ನಾಗಿ ಕೇಳಿಸುತ್ತದೆ! ಹೊರಗಿನಿಂದ ಬಂದವರು ನೋಡಿ ಹೊಗಳಿಯೂ ಹೋಗುತ್ತಿದ್ದರು. ಯಾರು ಮೊದಲು ಕುಡಿಯುತ್ತಿದ್ದರು ಎಂದು ಅವರು ಕೇಳಲಿಲ್ಲ.

ನಮ್ಮ ಸಭೆಯಲ್ಲಿ ಎರಡು ಕಡೆಯವರಿದ್ದೇವೆ. ಊರೊಳಗೆ ಹೊಲಮನೆ ಇದ್ದ ಏಳೆಂಟು ಮನೆಯವರು ಮೊದಲು ದೀಕ್ಷಾಸ್ನಾನ ಪಡೆದು ಕ್ರೈಸ್ತರಾದರಂತೆ. ಅವರ ಹಿಂದೆ ಕೇರಿಯ ನಾವು, ಐವತ್ತು ಮನೆ. ಒಂದೇ ಸತ್ಯವೇದ, ಒಂದೇ ಸಂಗೀತ ಪುಸ್ತಕ, ಮಕ್ಕಳಿಗೂ ಒಂದೇ ಬಗೆಯ ಹೆಸರುಗಳು. ಜಾತಿಯನ್ನು ಬಾಗಿಲ ಹೊರಗೆ ಚಪ್ಪಲಿಯ ಜೊತೆ ಬಿಟ್ಟು ಬಂದಿದ್ದೇವೆ ಎಂದು ಪ್ರತಿ ಅಯ್ಯನವರೂ ಪ್ರಸಂಗ ಮಾಡಿದ್ದಾರೆ. ಆದರೆ ಊರೊಳಗಿನ ಮನೆಗಳವರು ಕೂರುವುದು ಮುಂದಿನ ನಾಲ್ಕು ಬೆಂಚುಗಳಲ್ಲಿ, ನಾವು ಅದರ ಹಿಂದೆ. ಹೀಗೆ ಕೂರಿ ಎಂದು ಯಾರೂ ಬರೆದಿಟ್ಟಿಲ್ಲ, ಯಾರೂ ಬಾಯಿಬಿಟ್ಟು ಹೇಳಿಯೂ ಇಲ್ಲ. ಕರ್ತನ ಭೋಜನಕ್ಕೆ ಮುಂದಿನ ಬೆಂಚಿನಿಂದ ಸಾಲು ಏಳುತ್ತದೆ. ಅವರು ಕುಡಿದ ಬಟ್ಟಲಿನಲ್ಲಿ ನಾವು ಕುಡಿಯುತ್ತಿದ್ದೆವು. ನಾವು ಕುಡಿದ ಬಟ್ಟಲಿನಲ್ಲಿ ಅವರು ಕುಡಿಯುವ ಪ್ರಸಂಗವೇ ಬರುತ್ತಿರಲಿಲ್ಲ. ಇಷ್ಟು ಸರಳವಾದ ಲೆಕ್ಕ ನನಗೆ ಅರ್ಥವಾಗಲು ಮೂವತ್ತು ವರ್ಷ ಹಿಡಿಯಿತು. ಓದು ಬರಹ ಬಾರದ ನಮ್ಮವ್ವನಿಗೆ ಹದಿನಾರನೇ ವಯಸ್ಸಿಗೇ ಗೊತ್ತಿತ್ತು.

ಅವ್ವನಿಗೆ ಬಿಷಪ್ಪರು ತಲೆಯ ಮೇಲೆ ಕೈಯಿಟ್ಟು ದೃಢೀಕರಣ ಮಾಡಿದ್ದು ಹದಿನಾರಕ್ಕೆ; ಅದಾದ ಮೇಲೆಯೇ ಕರ್ತನ ಭೋಜನಕ್ಕೆ ಸೇರಿಸುವುದು. ಅದೇ ದಿನ, ಅದೇ ಸಾಲಿನಲ್ಲಿ ಊರೊಳಗಿನ ದೊಡ್ಡಮನೆಯ ಹುಡುಗಿಗೂ ಆಯಿತು. ಇಬ್ಬರೂ ಒಂದೇ ವಾರಿಗೆಯವರು. ಆ ಹುಡುಗಿ ಸೋದರಮಾವನನ್ನೇ ಕಟ್ಟಿಕೊಂಡು ಊರಲ್ಲೇ ಉಳಿದರು; ನಮಗೆಲ್ಲ ದೊಡ್ಡಮನೆ ಅಮ್ಮ ಆದರು. ಅವರು ಅವ್ವನನ್ನು "ನೀನು" ಅನ್ನುತ್ತಾರೆ, ಅವ್ವ ಅವರನ್ನು "ಅಮ್ಮಾವ್ರೆ, ನೀವು" ಅನ್ನುತ್ತಾಳೆ. ಅವರ ಮಗ ಈಗ ಸಭಾ ಸಮಿತಿಯ ಕಾರ್ಯದರ್ಶಿ. ದೃಢೀಕರಣದ ದಿನ ಮೊದಲ ಸಲ ಬಟ್ಟಲಿಗೆ ಬಾಯಿಡಬೇಕಾದಾಗ ದೊಡ್ಡಮನೆ ಅಮ್ಮ ಮೊದಲು, ಅವ್ವ ಆಮೇಲೆ. ಅಲ್ಲಿಂದ ಐವತ್ತು ವರ್ಷಕ್ಕೂ ಮೇಲೆ ಹಾಗೆಯೇ ನಡೆಯಿತು.

ದ್ರಾಕ್ಷಾರಸ ಮಾಡುತ್ತಿದ್ದವಳು ಯಾರು ಗೊತ್ತೆ? ನಮ್ಮವ್ವ. ಕೇರಿಯೊಳಗೇ ಮದುವೆಯಾದ ಅವಳಿಗೆ ಅದು ಅತ್ತೆಯಿಂದ ಬಂದ ಕೆಲಸ. ಹುಣಸೂರಿನ ಮಾರ್ಕೆಟ್ಟಿನಿಂದ ಕರಿ ದ್ರಾಕ್ಷಿ ತಂದು, ಮೂರು ನೀರಿನಲ್ಲಿ ತೊಳೆದು, ಒಂದೊಂದಾಗಿ ತೊಟ್ಟು ಬಿಡಿಸಿ, ದೊಡ್ಡ ಬೋಸಿಗೆ ಹಾಕಿ ಬರಿಗೈಯಲ್ಲಿ ಕಿವುಚುತ್ತಿದ್ದಳು. ಆಮೇಲೆ ಸಣ್ಣ ಉರಿಯಲ್ಲಿ ಕುದಿಸಿ, ಹಳೆಯ ಬಿಳಿ ಪಂಚೆಯ ತುಂಡಿನಲ್ಲಿ ಸೋಸಿ ಬಾಟಲಿಗೆ ತುಂಬುವುದು. ವರ್ಷದಲ್ಲಿ ಆರು ತಿಂಗಳು ದೊಡ್ಡಮನೆಯವರದೇ ಬ್ಯಾರನ್ನಿನಲ್ಲಿ, ಆ ಸೊಪ್ಪು ಒಣಗಿಸುವ ಬಿಸಿ ಕೋಣೆಯಲ್ಲಿ, ಬೆಂದ ಹೊಗೆಸೊಪ್ಪನ್ನು ವಿಂಗಡಿಸಿ ಅವಳ ಬೆರಳುಗಳಿಗೆ ಕಂದು ಬಣ್ಣ ಹತ್ತಿರುತ್ತಿತ್ತು. ಶನಿವಾರ ಆ ಬೆರಳುಗಳನ್ನು ಸೀಗೆಪುಡಿ ಹಾಕಿ ತಿಕ್ಕಿ ತಿಕ್ಕಿ ತೊಳೆದೇ ದ್ರಾಕ್ಷಿ ಮುಟ್ಟುತ್ತಿದ್ದಳು. ಅವಳ ಕೈಯಲ್ಲಿ ಹಿಂಡಿದ ರಸವನ್ನು ಮುಂದಿನ ಬೆಂಚಿನವರು ಕಣ್ಣುಮುಚ್ಚಿ ಕುಡಿಯುತ್ತಿದ್ದರು. ಕೈ ತಾಗಿದ್ದು ನಡೆಯುತ್ತಿತ್ತು. ತುಟಿ ತಾಗಿದ್ದು ನಡೆಯುತ್ತಿರಲಿಲ್ಲ.

ಅವ್ವ ಹುಡುಗಿಯಾಗಿದ್ದಾಗ ಊರಿನ ಹೋಟೆಲಿನಲ್ಲಿ ಕೇರಿಯವರ ಲೋಟ ಬೇರೆ ಇತ್ತು. ಹೊರಗೆ ಸೂರಿನ ಸಂದಿಗೆ ಸಿಕ್ಕಿಸಿಟ್ಟ ಲೋಟವನ್ನು ತಾನೇ ತೆಗೆದು, ಟೀ ಹುಯ್ಯಿಸಿಕೊಂಡು ಕುಡಿದು, ತೊಳೆದು ಮತ್ತೆ ಸಿಕ್ಕಿಸಬೇಕು. ಅದನ್ನು ಹೇಳುವಾಗ ಅವ್ವ ಅಳುತ್ತಿರಲಿಲ್ಲ, ಬೈಯುತ್ತಲೂ ಇರಲಿಲ್ಲ. ಅದರಲ್ಲಿ ಜೇಡ ಗೂಡು ಕಟ್ಟಿರುತ್ತಿತ್ತು ಎಂದು ಮಾತ್ರ ಹೇಳುತ್ತಿದ್ದಳು. ದೇವಾಲಯದ ಬಟ್ಟಲು ಅವಳಿಗೆ ಏಕೆ ಅಷ್ಟು ದೊಡ್ಡದಾಗಿತ್ತು ಎಂದು ಇದಕ್ಕಿಂತ ಬಿಡಿಸಿ ಹೇಳಲು ನನಗೆ ಬಾರದು.

ಊರಿಗೆ ಊರೇ ಮಾಸ್ಕ್ ಹಾಕಿಕೊಂಡ ಆ ಕಾಯಿಲೆಯ ವರ್ಷಕ್ಕೆ ಸ್ವಲ್ಪ ಮುಂಚೆ ಕೋಟೆ ಕಡೆಯಿಂದ ಒಬ್ಬ ಅಯ್ಯನವರು ವರ್ಗವಾಗಿ ಬಂದರು. ಕುಳ್ಳಗಿನ, ಗಡುಸು ಸ್ವರದ ಮನುಷ್ಯ. ಬಂದ ಎರಡನೇ ತಿಂಗಳು, ಮೊದಲ ಭಾನುವಾರ, ಪ್ರಾರ್ಥನೆಯೆಲ್ಲ ಮುಗಿದು ಮುಂದಿನ ಬೆಂಚಿನವರು ಸೀರೆ ಸರಿಮಾಡಿಕೊಂಡು ಏಳುತ್ತಿದ್ದಾಗ ಅವರು ಕೈ ಎತ್ತಿ ತಡೆದರು.

"ಇವತ್ತು ಹಿಂದಿನ ಬೆಂಚಿಂದ ಬರ್ಲಿ," ಎಂದರು.

ಅಷ್ಟೇ. ಕಾರಣ ಹೇಳಲಿಲ್ಲ. ಎದ್ದವರು ಎದ್ದ ಹಾಗೇ ನಿಂತರು. ಹಿಂದಿನ ಬೆಂಚಿನ ನಾವು ಏಳಲಿಲ್ಲ. ನಮಗೆ ಮೊದಲು ಏಳುವ ಅಭ್ಯಾಸವೆಲ್ಲಿತ್ತು? ಕೊನೆಯ ಬೆಂಚಿನ ತುದಿಯಲ್ಲಿ ಕೂರುತ್ತಿದ್ದ ಅವ್ವನೇ ಮೊದಲು ಎದ್ದಳು. ತಲೆಯ ಮೇಲೆ ಸೆರಗು ಎಳೆದುಕೊಂಡು, ನಡುವಿನ ದಾರಿಯಲ್ಲಿ ಒಬ್ಬಳೇ ನಡೆದುಹೋದಳು. ಅವಳ ಹಿಂದೆ ನಾನು. ತುಂಬಿದ ಬಟ್ಟಲನ್ನು ಅವಳು ಅದುವರೆಗೆ ಕಂಡೇ ಇರಲಿಲ್ಲ. ಅವಳ ಸರದಿ ಬರುವಾಗ ತಳದಲ್ಲಿ ಒಂದಿಷ್ಟು ಇರುತ್ತಿತ್ತು. ತಾನೇ ಮಾಡಿದ ರಸ ಅಂಚಿನವರೆಗೆ ತುಂಬಿರುವುದನ್ನು ಮೊಣಕಾಲೂರಿ ಒಂದು ಗಳಿಗೆ ನೋಡಿದಳು. ಆಮೇಲೆ ಕುಡಿದಳು.

ಮುಂದಿನ ಬೆಂಚಿನ ಸರದಿ ಕೊನೆಗೆ ಬಂತು. ದೊಡ್ಡಮನೆ ಅಮ್ಮ ಮೊಣಕಾಲೂರಿ ರೊಟ್ಟಿ ತೆಗೆದುಕೊಂಡರು. ಬಟ್ಟಲು ಹತ್ತಿರ ಬಂದಾಗ ಅವರಿಗೆ ಕೆಮ್ಮು ಬಂತು. ಎಂಥ ಕೆಮ್ಮು ಅಂತೀರಿ! ಬಾಯಿಗೆ ಸೆರಗು ಒತ್ತಿಕೊಂಡು ಕೆಮ್ಮುತ್ತಲೇ ಎದ್ದುಹೋದರು. ಅವರ ಪಕ್ಕದವರಿಗೂ ಕೆಮ್ಮು ಬಂತು. ಇಪ್ಪತ್ತು ವರ್ಷದಿಂದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ನರ್ಸ್ ಆಗಿ ದುಡಿಯುತ್ತಿರುವ ನಾನು ಅಷ್ಟು ಬೇಗ ಹರಡುವ ಕೆಮ್ಮನ್ನು ನೋಡಿರಲಿಲ್ಲ.

ಮರುತಿಂಗಳು ಮುಂದಿನ ನಾಲ್ಕು ಬೆಂಚೂ ಖಾಲಿ. ಎಲ್ಲರಿಗೂ ಒಂದೇ ದಿನ ಮೈಸೂರಿನಲ್ಲಿ ಯಾರದೋ ಮದುವೆ. ಅದರ ಮುಂದಿನ ತಿಂಗಳು ಬಿಷಪ್ಪರಿಗೆ ಅರ್ಜಿ ಹೋಯಿತು. ಅದರಲ್ಲಿ ಬಟ್ಟಲಿನ ಮಾತೇ ಇರಲಿಲ್ಲ. ಅಯ್ಯನವರ ಪ್ರಸಂಗ ಉದ್ದವಾಯಿತು, ಮನೆ ಭೇಟಿಗೆ ಬರುವುದಿಲ್ಲ, ಹಿರಿಯರಿಗೆ ಮರ್ಯಾದೆ ಕೊಡುವುದಿಲ್ಲ, ಇಂಥವೇ. ವರ್ಷ ತುಂಬುವ ಮೊದಲೇ ಅವರನ್ನು ಕೃಷ್ಣರಾಜನಗರದ ಕಡೆಗೆ ಹಾಕಿದರು. ಲಾರಿಗೆ ಸಾಮಾನು ತುಂಬುವಾಗ ಕೇರಿಯ ಹೆಂಗಸರು ಹೋಗಿ ನಿಂತಿದ್ದೆವು. ಅವ್ವ ಒಂದು ಬಾಟಲಿ ದ್ರಾಕ್ಷಿ ರಸ ಕೊಟ್ಟು, "ಅಯ್ನೋರೆ, ತುಂಬಿದ್ ಬಟ್ಲು ಕಂಡೆ. ಅಷ್ಟು ಸಾಕು ಬುಡಿ," ಎಂದಳು.

ಸಾಕಾಗಿರಲಿಲ್ಲ. ಮನೆಗೆ ಬಂದು ಒಲೆ ಮುಂದೆ ಕೂತು ನನಗೆ ಹೇಳಿದ್ದೇ ಬೇರೆ. "ನಾ ಅವ್ರ ಹಿಂದೆ ಐವತ್ತೊರ್ಸ ಕುಡ್ದಿವ್ನಿ ಕಣವ್ವ. ಅವ್ರು ನನ್ ಹಿಂದೆ ಒಂದೇ ಒಂದ್ಸಲ ಕುಡೀಲಿ. ಸಾಯದ್ರೊಳ್ಗೆ ಅಷ್ಟು ನೋಡ್ಬೇಕು."

ಮುಂದಿನ ಅಯ್ಯನವರು ಚಿಕ್ಕ ವಯಸ್ಸಿನವರು, ಮೆದು ಮನುಷ್ಯ, ಈಗಲೂ ಅವರೇ ಇದ್ದಾರೆ. ಸಾಲು ಮತ್ತೆ ಮುಂದಿನ ಬೆಂಚಿನಿಂದ ಏಳತೊಡಗಿತು. ಅಷ್ಟರಲ್ಲಿ ಕಾಯಿಲೆ ಬಂತು, ದೇವಾಲಯಕ್ಕೆ ಬೀಗ ಬಿತ್ತು. ತೆರೆಯುವ ಹೊತ್ತಿಗೆ ಸಮಿತಿಯವರು ನನಗೆ ಹೇಳಿಕಳಿಸಿದರು.

ಇದನ್ನು ಬರೆಯಲು ನನಗೆ ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಕೇರಿಯ ಹೆಣ್ಣೊಬ್ಬಳನ್ನು ಸಮಿತಿಯ ಕೋಣೆಗೆ ಕರೆದದ್ದು ಅದೇ ಮೊದಲು. ಕುರ್ಚಿ ಹಾಕಿದರು. ದೊಡ್ಡಮನೆಯ ಮಗ, ಆ ಕಾರ್ಯದರ್ಶಿ, ಎದ್ದು ನಿಂತು "ಬನ್ನಿ ನರ್ಸಮ್ಮ, ನಿಮ್ ಸಲಹೆ ಇಲ್ದೆ ನಾವು ಏನೂ ಮಾಡಲ್ಲ" ಎಂದರು. ನಾನು ಉಬ್ಬಿಹೋದೆ. ಆ ದಿನಗಳಲ್ಲಿ ಹಗಲೂ ರಾತ್ರಿ ಕಾಯಿಲೆಯವರ ನಡುವೆಯೇ ಇದ್ದವಳು ನಾನು, ಕಣ್ಣೆದುರೇ ಸಾವು ನೋಡಿದ್ದೆ. ಒಂದೇ ಬಟ್ಟಲಿನಲ್ಲಿ ಕುಡಿಯುವುದು ಅಪಾಯ, ಒಬ್ಬೊಬ್ಬರಿಗೂ ಬೇರೆ ಲೋಟ ಕೊಡುವುದು ಒಳ್ಳೆಯದು ಎಂದೆ. ಅದು ಆಗ ಸರಿಯಾದ ಮಾತೇ ಆಗಿತ್ತು, ಈಗಲೂ ಹಾಗೆಯೇ ಹೇಳುತ್ತೇನೆ. "ಅಂಗೇ ಬರ್ದು ಸೈನ್ ಹಾಕ್ಕೊಡಿ," ಎಂದರು. ನೀಟಾಗಿ ಬರೆದುಕೊಟ್ಟೆ. ಎಷ್ಟು ದಿನದವರೆಗೆ ಎಂದು ಬರೆಯಲಿಲ್ಲ. ಅವರು ಕೇಳಲೂ ಇಲ್ಲ. ಕಾರ್ಯದರ್ಶಿ ಆ ಕಾಗದವನ್ನು ಮಡಿಸಿದ ನೆಮ್ಮದಿಯನ್ನು ನೋಡಿದಾಗಲಾದರೂ ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ, ಕುರ್ಚಿಯ ಮೇಲೆ ಕೂತಿದ್ದೆನಲ್ಲ.

ಕಾಯಿಲೆ ಹೋಯಿತು. ಮಾಸ್ಕ್ ಹೋಯಿತು. ಬೆಂಚಿಗೆ ಇಬ್ಬರೇ ಕೂರಬೇಕೆಂದು ಬಳಿದಿದ್ದ ಗೆರೆಗಳೂ ಅಳಿಸಿಹೋದವು. ಕ್ರಿಸ್‌ಮಸ್ಸಿಗೆ ಹೆಗಲಿಗೆ ಹೆಗಲು ತಾಗಿಸಿ ಹಾಡಿದೆವು. ಮದುವೆಗಳಲ್ಲಿ ಮುಂದಿನ ಬೆಂಚಿನ ಗಂಡಸರು ಒಂದೇ ತಟ್ಟೆಗೆ ನಾಲ್ವರು ಕೈ ಹಾಕಿ ಬಿರಿಯಾನಿ ತಿಂದರು, ಒಂದೇ ನೀರಿನ ಬಾಟಲಿಯನ್ನು ಕಚ್ಚಿ ಕುಡಿದರು, ಬ್ಯಾರನ್ನಿನ ಮುಂದೆ ಒಂದೇ ಬೀಡಿಯನ್ನು ಸುತ್ತಿಸಿ ಸೇದಿದರು. ಪುಟ್ಟ ಲೋಟಗಳು ಮಾತ್ರ ಹೋಗಲಿಲ್ಲ. ಯಾರಾದರೂ ಕೇಳಿದರೆ ಉತ್ತರ ಸಿದ್ಧವಿತ್ತು: ಆರೋಗ್ಯ ಇಲಾಖೆಯವರ ಸಲಹೆ, ನಿಮ್ಮ ನರ್ಸಮ್ಮನೇ ಬರೆದುಕೊಟ್ಟಿದ್ದಾರೆ, ಸಮಿತಿಯ ನಡವಳಿ ಪುಸ್ತಕದಲ್ಲಿದೆ ನೋಡಿ.

ಅವ್ವ ಲೋಟ ಮುಟ್ಟಲಿಲ್ಲ. ಮೊದಲ ಭಾನುವಾರ ಬಂದರೆ ಎಂದಿನಂತೆ ಬಾಟಲಿ ತಂದು ವೇದಿಯ ಹಿಂದಿನ ಕೋಣೆಯಲ್ಲಿ ಇಟ್ಟು, ಕೊನೆಯ ಬೆಂಚಿಗೆ ಬಂದು ಕೂರುತ್ತಿದ್ದಳು. ಸಾಲು ಎದ್ದಾಗ ಏಳುತ್ತಿರಲಿಲ್ಲ. ನಾನು ಲೋಟ ಎತ್ತಿ ಕುಡಿದು ವಾಪಸು ಬಂದು ಪಕ್ಕದಲ್ಲಿ ಕೂತರೆ ಕಾಲು ಸರಿಸಿ ಜಾಗ ಬಿಡುತ್ತಿದ್ದಳು, ಮುಖ ನೋಡುತ್ತಿರಲಿಲ್ಲ. ಹಾಗಾದರೆ ರಸವನ್ನಾದರೂ ಏಕೆ ಮಾಡುತ್ತೀಯ, ಬಿಟ್ಟುಬಿಡು, ಅವರೇ ಮಾಡಿಕೊಳ್ಳಲಿ ಎಂದು ಒಂದು ಶನಿವಾರ ರೇಗಿದೆ.

"ರಸ ನನ್ ಕೆಲ್ಸ," ಎಂದಳು ಅವ್ವ, ದ್ರಾಕ್ಷಿ ಕಿವುಚುತ್ತಲೇ. "ಅವ್ರು ಮಾಡ ಕೆಲ್ಸಕ್ಕೆ ನಾ ಯಾಕೆ ನನ್ ಕೆಲ್ಸ ಬುಡ್ಲಿ?"

ಒಂದು ವರ್ಷ ಹೀಗೆ ನೋಡಿದ ಮೇಲೆ ನನಗೆ ತಡೆಯಲಾಗಲಿಲ್ಲ. ಇನ್ನೊಂದು ಕಾಗದ ಬರೆದೆ. ಈಗ ಆ ಅಪಾಯವಿಲ್ಲ, ನನ್ನ ಹಿಂದಿನ ಸಲಹೆಯನ್ನು ವಾಪಸು ಪಡೆಯುತ್ತಿದ್ದೇನೆ, ಬಟ್ಟಲನ್ನು ಮತ್ತೆ ಬಳಸಬಹುದು. ಅದನ್ನು ಹಿಡಿದು ಸಮಿತಿಯ ಕೋಣೆಗೆ ಹೋದೆ. ಆ ದಿನ ಯಾರೂ ಕುರ್ಚಿ ಹಾಕಲಿಲ್ಲ.

ಕಾರ್ಯದರ್ಶಿ ಕಾಗದವನ್ನು ಓದಿ, ಸಭೆಯ ಪುಸ್ತಕದೊಳಗೆ ಸಿಕ್ಕಿಸಿದರು. "ಎಲ್ರಿಗೂ ಈಗ ರೂಢಿ ಆಗೋಗದೆ ನರ್ಸಮ್ಮ. ಕ್ಲೀನಾಗೂ ಅದೆ."

"ಕ್ಲೀನು ಅಂದ್ರೆ ಏನ್ರೀ?" ಎಂದೆ. "ಯಾರ ಬಾಯಿ ಗಲೀಜು ಅಂತ ಹೇಳ್ಬುಡಿ, ಬರ್ಕೊಳ್ತೀನಿ."

"ಅಂಗೆಲ್ಲ ಯಾಕ್ ಮಾತಾಡ್ತೀರಿ? ಎಲೆ ಅಡಿಕೆ, ಹೊಗೆಸೊಪ್ಪು ಹಾಕೋ ಬಾಯಿ ಇರ್ತವೆ, ಅಷ್ಟೇ ನಾ ಹೇಳಿದ್ದು."

ಹೊಗೆಸೊಪ್ಪು! ಊರಿಗೆಲ್ಲ ಹೊಗೆಸೊಪ್ಪು ಬೆಳೆಯುವವರು ಇವರು, ಬ್ಯಾರನ್ ಇಟ್ಟವರು ಇವರು, ಆ ದುಡ್ಡಿನಲ್ಲಿ ಮಹಡಿ ಮನೆ ಕಟ್ಟಿದವರು ಇವರು. ಅದು ಬಾಯಿಗೆ ಹೋದರೆ ಮಾತ್ರ ಗಲೀಜು. ಅಯ್ಯನವರ ಕಡೆ ನೋಡಿದೆ. ಅವರು ಮೇಜಿನ ಮೇಲಿನ ಕ್ಯಾಲೆಂಡರ್ ನೋಡುತ್ತಿದ್ದರು. ಕೊನೆಗೆ ಕಾರ್ಯದರ್ಶಿಯೇ ದೊಡ್ಡ ಮನಸ್ಸು ಮಾಡಿದವರಂತೆ ಒಂದು ದಾರಿ ತೋರಿಸಿದರು.

"ಹೋಗ್ಲಿ ಬುಡಿ, ನಿಮ್ ತಾಯೋರಿಗೆ ಅಷ್ಟು ಆಸೆ ಇದ್ರೆ ಎರಡು ಸಾಲು ಮಾಡ್ಸೋಣ. ಬಟ್ಲು ಬೇಕು ಅನ್ನೋರು ಎಡಗಡೆ, ಲೋಟ ಬೇಕು ಅನ್ನೋರು ಬಲಗಡೆ. ಯಾರಿಗೂ ಬೇಜಾರಿಲ್ಲ. ಏನಂತೀರಿ ಅಯ್ನೋರೆ?"

ಅಯ್ಯನವರು ತಲೆಯಾಡಿಸಿದರು. ಪ್ರತಿ ತಿಂಗಳೂ ನಾವೆಲ್ಲ ಒಂದೇ ದೇಹ ಎಂದು ಬಾಯಿ ತುಂಬ ಹೇಳಿಸುವ ಅದೇ ಮನುಷ್ಯ. ಹೊರಗೆ ಬಂದು ಗಂಟೆಯ ಕಂಬದ ಕೆಳಗೆ ನಿಂತು ಬಾಯಿಗೆ ಬಂದದ್ದನ್ನೆಲ್ಲ ಬೈದೆ. ದೇವಾಲಯದ ಅಂಗಳದಲ್ಲಿ ಆಡಬಾರದ ಮಾತುಗಳು ಅವು. ನನಗೆ ಅದರ ಬಗ್ಗೆ ಪಶ್ಚಾತ್ತಾಪವಿಲ್ಲ.

ಎರಡು ಸಾಲಿನ ವಿಷಯ ಹೇಳಿದಾಗ ಅವ್ವ ಅನ್ನ ಬಸಿಯುತ್ತಿದ್ದಳು. ಬಸಿದು ಮುಗಿಸಿ, ಪಾತ್ರೆ ಇಳಿಸಿ, ಕೈ ಒರೆಸಿಕೊಂಡು ಕೇಳಿದಳು. "ಬಟ್ಲ ಸಾಲ್ಗೆ ಯಾರ್ ಬತ್ತಾರೆ?"

"ನಮ್ಮೋರೇ. ಇನ್ಯಾರು?"

"ಅಂಗಾರೆ ಅದೂ ಸೂರಲ್ಲಿ ಸಿಕ್ಸಿದ್ ಲೋಟನೇ ಬುಡವ್ವ. ಬೆಳ್ಳಿದಾದ್ರೇನು?" ಎಂದಳು. ಆ ಸಾಲಿಗೆ ಅವಳು ಹೋಗಲಿಲ್ಲ. ಕೇರಿಯವರಾರೂ ಹೋಗಲಿಲ್ಲ. ಎರಡು ತಿಂಗಳು ಎಡಗಡೆ ಖಾಲಿ ನೋಡಿ, ಯಾರಿಗೂ ಬೇಕಿಲ್ಲ ಎಂದು ಪುಸ್ತಕದಲ್ಲಿ ಬರೆದು ಬಟ್ಟಲನ್ನು ಬೀರುವಿಗೆ ಸೇರಿಸಿದರು.

ಕಳೆದ ಮಳೆಗಾಲ ಕಳೆದ ಮೇಲೆ ಅವ್ವನಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಹೋಯಿತು. ಮಾತು ಸ್ವಲ್ಪ ತೊದಲಿದರೂ ಉಳಿಯಿತು, ಬುದ್ಧಿ ಒಂದಿಷ್ಟೂ ಮುಕ್ಕಾಗಲಿಲ್ಲ. ಹಾಸಿಗೆಯಲ್ಲಿ ಮಲಗಿಕೊಂಡೇ ಎಡಗೈಯಲ್ಲಿ ಸೊಳ್ಳೆ ಹೊಡೆಯುತ್ತಾಳೆ, ನನ್ನ ಸಾರಿಗೆ ಉಪ್ಪು ಹೆಚ್ಚಾಯಿತು ಎನ್ನುತ್ತಾಳೆ. ಮೊದಲ ಭಾನುವಾರ ಬಂದಾಗ ಮಾತ್ರ ಗೋಡೆಯ ಕಡೆ ತಿರುಗಿ ಮಲಗುತ್ತಾಳೆ. ದೇವಾಲಯಕ್ಕೆ ಈಗ ಅಂಗಡಿಯ ಬಾಟಲಿ ರಸ ಬರುತ್ತದೆ. ಅವ್ವ ಕೊನೆಯದಾಗಿ ಮಾಡಿದ ಒಂದು ಬಾಟಲಿ ನಮ್ಮ ಫ್ರಿಜ್ಜಿನಲ್ಲೇ ಉಳಿದಿತ್ತು.

ಹಾಸಿಗೆ ಹಿಡಿದವರಿಗೆ ಮನೆಗೇ ಬಂದು ಕರ್ತನ ಭೋಜನ ಕೊಡುವ ಪದ್ಧತಿಯಿದೆ. ಅಯ್ಯನವರು ಒಂದು ಸೋಮವಾರ ಬೆಳಿಗ್ಗೆ ಬಂದರು. ಜೊತೆಗೆ ಸ್ತ್ರೀ ಸಂಘದ ಅಧ್ಯಕ್ಷೆಯಾಗಿ ದೊಡ್ಡಮನೆ ಅಮ್ಮ ಬಂದರು. ಇಷ್ಟು ವರ್ಷದಲ್ಲಿ ಅವರು ನಮ್ಮ ಹೊಸ್ತಿಲು ದಾಟಿದ್ದು ಅದೇ ಮೊದಲು. ಅವ್ವನ ತಲೆ ನೇವರಿಸಿದರು. ನಿಜವಾಗಿಯೂ ಕಣ್ಣಲ್ಲಿ ನೀರು ತಂದುಕೊಂಡರು, ಸುಳ್ಳು ಹೇಳಬಾರದು. "ಇಬ್ರೂ ಒಂದೇ ದಿನ ಕಣೆ ಬಿಷಪ್ಪರ ಕೈಲಿ ಆಶೀರ್ವಾದ ತಗಂಡಿದ್ದು, ಜ್ಞಾಪ್ಕ ಅದಾ?" ಎಂದರು.

"ಅದೆ ಅಮ್ಮಾವ್ರೆ," ಎಂದಳು ಅವ್ವ.

ಅಯ್ಯನವರು ಕುರ್ಚಿಯ ಮೇಲೆ ಬಿಳಿ ಬಟ್ಟೆ ಹಾಸಿ, ಚೀಲದಿಂದ ರೊಟ್ಟಿ ತೆಗೆದರು, ನಾಲ್ಕು ಪುಟ್ಟ ಲೋಟ ತೆಗೆದರು. ಅವ್ವ ಎಡಗೈ ಅಡ್ಡ ಹಿಡಿದಳು.

"ಇವು ಬ್ಯಾಡ. ನನ್ ಚೊಂಬು ತಗಂಬಾ," ಎಂದು ನನಗೆ ಹೇಳಿದಳು.

ದಿನಾ ನೀರು ಕುಡಿಯುವ ಸಣ್ಣ ಸ್ಟೀಲ್ ಚೊಂಬು. ತೊಳೆದು ತಂದೆ. ಫ್ರಿಜ್ಜಿನಲ್ಲಿದ್ದ ಅವಳದೇ ರಸ ತಂದೆ. ಅಯ್ಯನವರು ಬಾಗಿಲ ಕಡೆ ನೋಡಿದರು, ದೊಡ್ಡಮನೆ ಅಮ್ಮನ ಕಡೆ ನೋಡಿದರು, ರಸವನ್ನು ಚೊಂಬಿಗೆ ಬಗ್ಗಿಸಿ ಪ್ರಾರ್ಥನೆ ಮಾಡಿದರು. ಆ ಮನುಷ್ಯನಲ್ಲಿ ನಾನು ಕಂಡ ಧೈರ್ಯ ಅದೊಂದೇ, ಅದನ್ನು ಬರೆದಿಡುತ್ತೇನೆ. ಎಲ್ಲರೂ ರೊಟ್ಟಿ ತಿಂದೆವು. ಮೊದಲು ಅಯ್ಯನವರು ಕುಡಿದರು. ಆಮೇಲೆ ಅವ್ವನ ತುಟಿಗೆ ಹಿಡಿದರು. ಅವ್ವ ಎರಡು ಗುಟುಕು ಕುಡಿದಳು; ಬಾಯಿಯ ಬಲಗಡೆಯಿಂದ ಸ್ವಲ್ಪ ಸೋರಿತು. ಅಯ್ಯನವರು ಅಂಚನ್ನು ಒರೆಸಲು ಬಟ್ಟೆ ತೆಗೆಯುತ್ತಿದ್ದಾಗ ಅವ್ವ ಎಡಗೈಯಲ್ಲಿ ಚೊಂಬನ್ನು ಇಸಿದುಕೊಂಡಳು. ಅದನ್ನು ತಾನೇ ದೊಡ್ಡಮನೆ ಅಮ್ಮನ ಕಡೆ ಚಾಚಿದಳು.

ಅವ್ವ ಇಷ್ಟು ವರ್ಷ ಕಾದದ್ದು ಇದಕ್ಕೇ. ಸಭೆಯಿಲ್ಲ, ಬೆಂಚುಗಳಿಲ್ಲ, ನೋಡುವ ಜನರಿಲ್ಲ. ಒಂದು ಗುಟುಕು.

ದೊಡ್ಡಮನೆ ಅಮ್ಮ ಎರಡು ಕೈಯನ್ನೂ ಮಡಿಲಲ್ಲಿ ಸೇರಿಸಿಕೊಂಡರು. "ನಂಗೆ ಬ್ಯಾಡ ಕಣೆ," ಎಂದರು ಮೆಲ್ಲಗೆ. "ಶುಗರ್ ಬಂದ್ಬುಟ್ಟದೆ. ಸಿಹಿ ಮುಟ್ಬಾರ್ದು ಅಂದವ್ರೆ ಡಾಕ್ಟ್ರು."

ಹಿಂದಿನ ಗುರುವಾರ ಅವರು ನಮ್ಮ ಆರೋಗ್ಯ ಕೇಂದ್ರಕ್ಕೆ ಬಂದಿದ್ದರು. ಬೆರಳು ಚುಚ್ಚಿ ರಕ್ತ ತೆಗೆದವಳು ನಾನು, ರೀಡಿಂಗ್ ನೋಡಿದವಳು ನಾನು. ಅವರಿಗೆ ಶುಗರ್ ಇಲ್ಲ. ರೋಗಿಯ ವಿಷಯವನ್ನು ಇನ್ನೊಬ್ಬರೆದುರು ಬಾಯಿಬಿಡಬಾರದು ಎನ್ನುವುದು ನಮ್ಮ ಕೆಲಸದ ನಿಯಮ. ಇಷ್ಟು ವರ್ಷದ ಕೆಲಸದಲ್ಲಿ ಯಾರ ಬಸಿರನ್ನೂ ಯಾರ ಕಾಯಿಲೆಯನ್ನೂ ನಾನು ಬಾಯಿಬಿಟ್ಟವಳಲ್ಲ. ಆ ದಿನ ಬಿಟ್ಟೆ.

"ಗುರುವಾರ ನಾನೇ ನೋಡಿದ್ನಲ್ಲ ಅಮ್ಮಾವ್ರೆ," ಎಂದೆ. "ನಿಮ್ಗೆ ಶುಗರ್ ಇಲ್ಲ. ನಾರ್ಮಲ್ ಅದೆ. ಕುಡೀರಿ."

ಅವರ ಮುಖ ಬಿಳಿಚಿತು. ಎದ್ದರು. ಸೆರಗು ಹೊದ್ದುಕೊಂಡು ಹೊಸ್ತಿಲು ದಾಟಿ ಚಪ್ಪಲಿ ಮೆಟ್ಟಿದ ಸದ್ದು ಒಳಗೆ ಕೇಳಿಸಿತು. ಅವ್ವ ಚೊಂಬನ್ನು ಚಾಚಿದ ಹಾಗೇ ಹಿಡಿದಿದ್ದಳು. ರಸ ಅಂಚಿಗೆ ಬಡಿಯುತ್ತಿತ್ತು. ಪ್ರಾರ್ಥಿಸಿದ ರಸವನ್ನು ಉಳಿಸಬಾರದು, ಚೆಲ್ಲಲೂಬಾರದು. ಉಳಿದದ್ದನ್ನು ಕುಡಿಯುತ್ತೇನೆ, ಕೊಡಿ ಎಂದು ಅಯ್ಯನವರು ಕೈ ನೀಡಿದರು. ಅವ್ವ ಕೊಡಲಿಲ್ಲ.

"ಹೋಗ್ಲಿ ಬುಡವ್ವ," ಎಂದೆ. ಸಿಟ್ಟಿಗೆ ನನಗೆ ಅಳು ಬಂದಿತ್ತು. "ಅವ್ರ ಬಾಳೇ ಅಷ್ಟು. ನಾ ಹೇಳ್ದೆನಲ್ಲ ಮುಖದ್ ಮೇಲೆ. ಸುಳ್ಳು ಹೊರಕ್ಕೆ ಬಂತಲ್ಲ."

ಅವ್ವ ನನ್ನ ಕಡೆ ತಿರುಗಿದಳು. ಕಾಯಿಲೆಯ ವರ್ಷದಿಂದ ಆ ಹೊತ್ತಿನವರೆಗೆ ಅವಳು ನನ್ನ ಕಾಗದದ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ಅವಳಿಗೆ ಅದರಿಂದ ನೋವಾಗಿಲ್ಲ ಎಂದುಕೊಂಡಿದ್ದೆ.

"ಅವ್ರು ಕೆಮ್ತಾ ಇದ್ರು, ಮದುವೆಗೋಯ್ತಾ ಇದ್ರು," ಎಂದಳು ತೊದಲುತ್ತ, ನಿಧಾನವಾಗಿ. "ಒಂದಲ್ಲ ಒಂದಿನ ನೆಪ ಮುಗೀತಿತ್ತು ಕಣವ್ವ. ಮುಗೀದೇ ಇರೋ ನೆಪ ಬರ್ದುಕೊಟ್ಟವ್ಳು ನೀನು. ತಗಾ. ಅವ್ರ ಪಾಲ್ನೂ ನೀನೇ ಕುಡಿ."

ಚೊಂಬನ್ನು ನನ್ನ ಕಡೆ ಹಿಡಿದಳು. ಅಯ್ಯನವರು ಗೋಡೆ ನೋಡುತ್ತಿದ್ದರು. ನಾನು ಹಾಸಿಗೆಯ ಪಕ್ಕ ಮೊಣಕಾಲೂರಿ, ಅವಳ ತುಟಿ ತಾಗಿ ಒದ್ದೆಯಾಗಿದ್ದ ಕಡೆಯೇ ಬಾಯಿಟ್ಟು ಕುಡಿದೆ. ತಳದವರೆಗೆ ಕುಡಿದೆ.